ಮೂವತ್ತು ಭಾಗಗಳ ಸಿನಿಮಾ ಸರಣಿಯನ್ನು ಎಲ್ಲಿಂದ, ಯಾವ ಕ್ರಮದಲ್ಲಿ ನೋಡಬೇಕು

ಜೇಮ್ಸ್ ಬಾಂಡ್ ಮುಖ್ಯ ಸರಣಿಯಲ್ಲಿ 25 ಸಿನಿಮಾಗಳಿವೆ. ಗಾಡ್ಜಿಲ್ಲಾದಲ್ಲಿ ಜಪಾನಿನವೇ 33. ಜಪಾನಿನದೇ ಇನ್ನೊಂದು ಸರಣಿ ‘ತೋರಾ-ಸಾನ್’ 50 ಮುಟ್ಟಿದೆ. ಇಂಥದ್ದನ್ನು ಹುರುಪಿನಿಂದ ಶುರು ಮಾಡಿದವರು ನಾಲ್ಕೋ ಐದೋ ನೋಡುವಷ್ಟರಲ್ಲಿ ಕೈಬಿಡುವುದು ಮಾಮೂಲು. ಹೋದ ಭಾಗದಲ್ಲಿ ಸತ್ತವನು ಈ ಭಾಗದಲ್ಲಿ ಆರಾಮಾಗಿ ಓಡಾಡುತ್ತಿರುತ್ತಾನೆ, ಹಳೆಯ ಶತ್ರು ನಾಯಕನ ಮುಖವನ್ನೇ ಗುರುತಿಸುವುದಿಲ್ಲ, ಯಾಕೆಂದು ಯಾರೂ ಹೇಳುವುದಿಲ್ಲ. ಉತ್ತರವನ್ನು ಕಥೆಯೊಳಗೆ ಹುಡುಕಿ ಪ್ರಯೋಜನವಿಲ್ಲ. ಹಕ್ಕು ಯಾರ ಕೈಯಲ್ಲಿತ್ತು, ನಟ ಯಾವಾಗ ಬಿಟ್ಟುಹೋದ, ಹಿಂದಿನದು ದುಡ್ಡು ಮಾಡಿತೋ ಇಲ್ಲವೋ, ಈ ಮೂರನ್ನು ತಿಳಿದುಕೊಂಡರೆ ಕಥೆ ಎಲ್ಲೆಲ್ಲಿ ತುಂಡಾಗಿದೆ ಎಂಬುದು ಮುಕ್ಕಾಲು ಪಾಲು ಗೊತ್ತಾಗುತ್ತದೆ. ನೋಡುವ ಕ್ರಮವನ್ನೂ ಅದರ ಮೇಲೆಯೇ ಹಾಕಿಕೊಳ್ಳಬೇಕು.

ಮೊದಲು ಪಟ್ಟಿ

ಒಂದು ಹಾಳೆಯಲ್ಲೋ ಎಕ್ಸೆಲ್‌ನಲ್ಲೋ ಎಂಟು ಕಾಲಂ ಹಾಕಿ. ಬಿಡುಗಡೆಯ ದಿನ, ಮೂಲಭಾಷೆಯ ಹೆಸರು, ಇಂಗ್ಲಿಷ್ ಹೆಸರು, ಮೂಲ ಅವಧಿ ನಿಮಿಷಗಳಲ್ಲಿ, ನಿರ್ಮಾಣ ಸಂಸ್ಥೆ, ನಿರ್ದೇಶಕ, ಮುಖ್ಯ ನಟ. ಎಂಟನೆಯ ಕಾಲಂಗೆ ‘ಯಾವುದರ ಮುಂದುವರಿಕೆ’ ಎಂದು ಹೆಸರು ಕೊಟ್ಟು ಸದ್ಯಕ್ಕೆ ಖಾಲಿ ಬಿಡಿ. ಮುಂದಿನ ಕೆಲಸವೆಲ್ಲ ಆ ಕಾಲಂ ತುಂಬುವುದೇ.

ಬಿಡುಗಡೆಯ ದಿನ ಬರೆಯುವಾಗ ಸಿನಿಮಾ ಹುಟ್ಟಿದ ದೇಶದ ದಿನವನ್ನೇ ಬರೆಯಿರಿ. ಎರಡನೆಯ ಗಾಡ್ಜಿಲ್ಲಾ ಜಪಾನಿನಲ್ಲಿ ತೆರೆಗೆ ಬಂದದ್ದು 1955ರ ಏಪ್ರಿಲ್‌ನಲ್ಲಿ. ಅಮೆರಿಕಕ್ಕೆ ಹೋದದ್ದು 1959ರಲ್ಲಿ, ಅದೂ ‘ಗಿಗಾಂಟಿಸ್’ ಎಂಬ ಬೇರೆ ಹೆಸರು ಹೊತ್ತು. ಅಮೆರಿಕದ ಪಟ್ಟಿ ನೋಡಿ ಬರೆದುಕೊಂಡವರಿಗೆ ಸರಣಿಯ ಎರಡನೇ ಭಾಗವೇ ಕಾಣೆ.

ಹೆಸರಿನಲ್ಲಿರುವ ಅಂಕಿಯನ್ನು ನಂಬಬೇಡಿ. ಇಂಗ್ಲಿಷಿನಲ್ಲಿ ‘ಗಾಡ್ಜಿಲ್ಲಾ ವರ್ಸಸ್ ಮೆಕಾಗಾಡ್ಜಿಲ್ಲಾ 2’ ಎಂದು ಕರೆಸಿಕೊಳ್ಳುವ 1993ರ ಸಿನಿಮಾಕ್ಕೂ 1974ರ ಮೆಕಾಗಾಡ್ಜಿಲ್ಲಾ ಸಿನಿಮಾಕ್ಕೂ ಕಥೆಯ ಸಂಬಂಧವೇ ಇಲ್ಲ. ಹೆಸರು ಒಂದೇ ಆಗಿಬಿಡುತ್ತದೆಂದು ಇಂಗ್ಲಿಷಿನವರು 2 ಸೇರಿಸಿದರು, ಅಷ್ಟೆ. 1977ರ ‘ಸ್ಟಾರ್ ವಾರ್ಸ್’ ಮೊದಲು ತೆರೆಗೆ ಬಂದಾಗ ಅದರಲ್ಲಿ ಯಾವ ಸಂಖ್ಯೆಯೂ ಇರಲಿಲ್ಲ. ‘ಎಪಿಸೋಡ್ 4’ ಎಂಬ ಸಾಲು ಸೇರಿದ್ದು 1981ರ ಮರುಬಿಡುಗಡೆಯಲ್ಲಿ. ನಮ್ಮಲ್ಲೇ ನೋಡಿ: ‘ಕಾಂತಾರ’ ಬಂದದ್ದು 2022ರಲ್ಲಿ, ‘ಕಾಂತಾರ ಚಾಪ್ಟರ್ 1’ ಬಂದದ್ದು 2025ರಲ್ಲಿ. ಇನ್ನು ಹತ್ತು ವರ್ಷಕ್ಕೆ ಪಟ್ಟಿ ಹಾಕುವ ಹುಡುಗ ಚಾಪ್ಟರ್ 1 ನೋಡಿದ ಮೇಲೆ ಇನ್ನೊಂದಕ್ಕೆ ಕೂರುತ್ತಾನೆ, ತಪ್ಪು ಅವನದಲ್ಲ.

ಅಂಕಿ ಹಾಕುವ ರೂಢಿಯೇ ತಡವಾಗಿ ಬಂದದ್ದು. ಮುಂದುವರಿದ ಭಾಗಗಳು ಮೂಕಿ ಕಾಲದಿಂದಲೂ ಇವೆ. ‘ದಿ ಬರ್ತ್ ಆಫ್ ಎ ನೇಷನ್’ 1915ರದ್ದು. ಮರುವರ್ಷವೇ ‘ದಿ ಫಾಲ್ ಆಫ್ ಎ ನೇಷನ್’ ಬಂತು. ಪೂರ್ಣಪ್ರಮಾಣದ ಮೊದಲ ಸೀಕ್ವೆಲ್ ಎಂದು ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ, ಪ್ರತಿ ಮಾತ್ರ ಎಲ್ಲೂ ಉಳಿದಿಲ್ಲ. ಆಗೆಲ್ಲ ಹೆಸರಿನಲ್ಲಿ ನೆಂಟಸ್ತಿಕೆ ಹೇಳುತ್ತಿದ್ದರು: ಇಂಥವನ ಮಗ, ಇಂಥವನ ವಧು, ಇಂಥವನ ಪುನರಾಗಮನ. 1957ರ ಬ್ರಿಟಿಷ್ ಸಿನಿಮಾ ‘ಕ್ವಾಟರ್‌ಮಾಸ್ 2’ ಬರೀ ಅಂಕಿ ಇಟ್ಟ ಮೊದಲಿಗರಲ್ಲಿ ಒಂದು. ಆದರೆ ಆ ರೂಢಿಗೆ ಮರ್ಯಾದೆ ತಂದುಕೊಟ್ಟದ್ದು 1974ರ ‘ದಿ ಗಾಡ್‌ಫಾದರ್ ಪಾರ್ಟ್ 2’. ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದ ಮೊದಲ ಸೀಕ್ವೆಲ್ ಅದು. ಹಾಗಾಗಿ 1974ಕ್ಕಿಂತ ಹಿಂದಿನ ಸರಣಿಗಳಿಗೆ ಅಂಕಿ ಹುಡುಕಬೇಡಿ, ದಿನಾಂಕ ಹುಡುಕಿ.

ಕೊಂಡಿ ಎಂಥದ್ದು

ಈಗ ಎಂಟನೆಯ ಕಾಲಂ. ಪ್ರತಿ ಸಿನಿಮಾವೂ ಹಿಂದಿನದಕ್ಕೆ ಹೇಗೆ ಅಂಟಿಕೊಂಡಿದೆ ಎಂದು ಬರೆಯಬೇಕು.

ಒಂದೇ ಕಥೆಯನ್ನು ಎರಡು ತುಂಡು ಮಾಡಿದ್ದರೆ ತಲೆನೋವಿಲ್ಲ. ‘ಬಾಹುಬಲಿ’ 2015 ಮತ್ತು 2017, ‘ಕೆಜಿಎಫ್’ 2018 ಮತ್ತು 2022. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಒಂದೇ ವಾರ ನೋಡಿ. ನಡುವೆ ತಿಂಗಳುಗಟ್ಟಲೆ ಬಿಟ್ಟರೆ ಎರಡನೆಯದರ ಮೊದಲ ಅರ್ಧ ಗಂಟೆ ಹೆಸರು ನೆನಪಿಸಿಕೊಳ್ಳುವುದರಲ್ಲೇ ಹೋಗುತ್ತದೆ.

ಬಿಡಿ ಕಥೆಗಳ ಸರಣಿ ಇನ್ನೊಂದು ಬಗೆ. ಪಾತ್ರ ಅದೇ, ಕಥೆ ಪ್ರತಿ ಸಲ ಹೊಸದು. ಡಾ. ರಾಜ್‌ಕುಮಾರ್ ಅವರ ಸಿಐಡಿ 999 ಇದಕ್ಕೆ ಒಳ್ಳೆಯ ಉದಾಹರಣೆ. ದೊರೈ-ಭಗವಾನ್ ನಿರ್ದೇಶನದ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’ ಎರಡೂ 1968ರವು, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ 1969ರದ್ದು, ‘ಆಪರೇಷನ್ ಡೈಮಂಡ್ ರಾಕೆಟ್’ 1978ರದ್ದು. ಯಾವುದನ್ನು ಮೊದಲು ನೋಡಿದರೂ ನಷ್ಟವಿಲ್ಲ. ಆದರೂ ಬಿಡಿ ಕಥೆ ಎಂದು ಪೂರ್ತಿ ಉಡಾಫೆ ಮಾಡುವಂತಿಲ್ಲ, ಕೆಲವೊಮ್ಮೆ ಒಳಗೊಂದು ದಾರ ಓಡುತ್ತಿರುತ್ತದೆ. ‘ತೋರಾ-ಸಾನ್’ ಸರಣಿಯಲ್ಲಿ 1969ರಿಂದ 1995ರವರೆಗೆ ಕಿಯೋಶಿ ಅತ್ಸುಮಿ ಒಬ್ಬನೇ 48 ಸಿನಿಮಾಗಳಲ್ಲಿ ಅದೇ ಅಲೆಮಾರಿ ವ್ಯಾಪಾರಿಯಾಗಿ ನಟಿಸಿದ. ಎರಡನ್ನು ಬಿಟ್ಟು ಉಳಿದ 46ಕ್ಕೂ ಯೋಜಿ ಯಮಾದಾ ಅವರೇ ನಿರ್ದೇಶಕರು. ಪ್ರತಿ ಭಾಗದಲ್ಲೂ ಹೊಸ ಊರು, ಹೊಸ ಹೆಣ್ಣು, ಮತ್ತೆ ಬರಿಗೈ. ಆದರೆ ಲಿಲಿ ಎಂಬ ಗಾಯಕಿಯ ಪಾತ್ರ 11, 15, 25 ಮತ್ತು 48ನೆಯ ಭಾಗಗಳಲ್ಲಿ ಮರಳಿ ಬರುತ್ತದೆ. ಐವತ್ತೂ ನೋಡಲು ಆಗದವರು 1, 11, 15, 25, 48 ಇಷ್ಟನ್ನು ಇದೇ ಕ್ರಮದಲ್ಲಿ ನೋಡಿದರೆ ಸರಣಿಯ ಹೂರಣ ಸಿಕ್ಕಂತೆಯೇ. 42ನೆಯದರಿಂದ ಸೋದರಳಿಯನ ಪ್ರೇಮಕಥೆ ಬೇರೊಂದು ದಾರವಾಗಿ ಶುರುವಾಗುತ್ತದೆ, 2019ರ 50ನೆಯ ಸಿನಿಮಾ ನಿಂತಿರುವುದು ಅದರ ಮೇಲೆ. ಹಾಗಾಗಿ 50ನೆಯದನ್ನು ಮೊದಲು ನೋಡುವವರು ಕಣ್ಣೀರಿನ ಜಾಗಗಳನ್ನೆಲ್ಲ ಸುಮ್ಮನೆ ದಾಟಿಬಿಡುತ್ತಾರೆ.

ನಿಜವಾದ ಮುಂದುವರಿಕೆ ಎಂದರೆ ಹಿಂದಿನ ಘಟನೆ ನಡೆದೇ ಇದೆ ಎಂದು ಒಪ್ಪಿಕೊಂಡು ಮುಂದೆ ಹೋಗುವುದು. ತೊಡಕು ಹುಟ್ಟುವುದು ಇಲ್ಲೇ, ಯಾಕೆಂದರೆ ಒಪ್ಪಿಕೊಂಡದ್ದನ್ನು ಮರೆಯುವವರೂ ಅವರೇ. ಯೂನಿವರ್ಸಲ್ ಸಂಸ್ಥೆಯ ‘ಫ್ರಾಂಕೆನ್‌ಸ್ಟೈನ್’ ಸರಣಿಯಲ್ಲಿ 1931, 1935, 1939ರ ಮೂರರಲ್ಲಿ ರಾಕ್ಷಸನಾಗಿದ್ದವನು ಬೋರಿಸ್ ಕಾರ್ಲಾಫ್. 1942ರಲ್ಲಿ ಲಾನ್ ಚಾನಿ ಜೂನಿಯರ್ ಬಂದ. ಆ ಸಿನಿಮಾದ ಕೊನೆಗೆ ರಾಕ್ಷಸನ ತಲೆಗೆ ಬೇರೆಯವನ ಮಿದುಳು ಸೇರಿ ಕಣ್ಣು ಹೋಗುತ್ತದೆ. 1943ರದ್ದರಲ್ಲಿ ಬೆಲಾ ಲುಗೋಸಿ ಕುರುಡ ರಾಕ್ಷಸನಾಗಿಯೇ ನಟಿಸಿದ. ಆದರೆ ಬಿಡುಗಡೆಗೆ ಮುಂಚೆ ಅವನ ಮಾತುಗಳನ್ನೆಲ್ಲ ಕತ್ತರಿಸಿದರು, ಕುರುಡುತನದ ಪ್ರಸ್ತಾಪವೂ ಅವುಗಳ ಜೊತೆ ಹೋಯಿತು. ಪರದೆಯ ಮೇಲೆ ಉಳಿದದ್ದು ಕೈ ಮುಂದೆ ಚಾಚಿ ತಡವರಿಸುತ್ತ ನಡೆಯುವ ರಾಕ್ಷಸ. ಮುಂದೆ ಮಕ್ಕಳೆಲ್ಲ ಫ್ರಾಂಕೆನ್‌ಸ್ಟೈನ್ ಆಟ ಆಡುವಾಗ ಕೈ ಚಾಚಿ ನಡೆಯತೊಡಗಿದ್ದು ಹೀಗೆ ಬಿದ್ದ ಕತ್ತರಿಯಿಂದ. 1942ರದ್ದನ್ನು ನೋಡಿದ ಮರುದಿನವೇ 1943ರದ್ದನ್ನು ನೋಡಿ, ಆಗ ಮಾತ್ರ ಆ ನಡಿಗೆ ಅರ್ಥವಾಗುತ್ತದೆ.

ರೀಬೂಟ್ ಎಂದರೆ ಹಿಂದಿನದನ್ನೆಲ್ಲ ಒರೆಸಿ ಮೊದಲಿನಿಂದ ಶುರು ಮಾಡುವುದು. ಇದೂ ಸುಲಭ, ಪಟ್ಟಿಯಲ್ಲಿ ಹೊಸ ಗುಂಪು ಮಾಡಿದರೆ ಮುಗಿಯಿತು. ಎಲ್ಲಕ್ಕಿಂತ ಮೋಸದ್ದು ಅರ್ಧಂಬರ್ಧ ಒರೆಸುವುದು: ಮೊದಲ ಭಾಗ ನಡೆದಿದೆ, ಮೂರರಿಂದ ಆರರವರೆಗಿನದು ನಡೆದೇ ಇಲ್ಲ ಎಂಬ ಲೆಕ್ಕ. ಪೋಸ್ಟರಿನ ಮೇಲೆ ಇದನ್ನು ಯಾರೂ ಬರೆಯುವುದಿಲ್ಲ.

ಯಾವ ಬಗೆ ಎಂದು ಪತ್ತೆ ಹಚ್ಚಲು ಸಿನಿಮಾದ ಮೊದಲ 15 ನಿಮಿಷ ಸಾಕು. ಹಿಂದಿನ ಘಟನೆಯನ್ನು ಇಸವಿ ಸಮೇತ ಯಾರಾದರೂ ಹೇಳುತ್ತಾರೆಯೇ? ಹೇಳಿದ ಇಸವಿ ಯಾವ ಭಾಗಕ್ಕೆ ಹೊಂದುತ್ತದೆ? ಹಳೆಯ ಪಾತ್ರಗಳು ಒಬ್ಬರನ್ನೊಬ್ಬರು ಗುರುತಿಸುತ್ತವೆಯೇ? ಈ ಮೂರಕ್ಕೆ ಉತ್ತರ ಬರೆದುಕೊಂಡು ಕಾಲಂ ತುಂಬಿ.

ಹಕ್ಕಿನ ಜಾಡು

ಕೊಂಡಿ ಕಡಿದ ಜಾಗ ಕಂಡ ಕೂಡಲೇ ಆ ವರ್ಷದ ಸುತ್ತಮುತ್ತ ನಿರ್ಮಾಣ ಸಂಸ್ಥೆಯಲ್ಲಿ ಏನಾಯಿತು ನೋಡಿ.

ಬಾಂಡ್ ಕಥೆ ಇದಕ್ಕೆ ಪಾಠ ಇದ್ದಂತಿದೆ. ಇಯಾನ್ ಫ್ಲೆಮಿಂಗ್‌ನ ಮೊದಲ ಬಾಂಡ್ ಕಾದಂಬರಿ ‘ಕ್ಯಾಸಿನೊ ರಾಯಲ್’ 1953ರದ್ದು. ಅದರ ಸಿನಿಮಾ ಹಕ್ಕನ್ನು ಅವನು ಬಹಳ ಮುಂಚೆಯೇ ಬೇರೆಯವರಿಗೆ ಮಾರಿಬಿಟ್ಟಿದ್ದ. ಹಾಗಾಗಿ ಮುಖ್ಯ ಸರಣಿಯ ನಿರ್ಮಾಣ ಸಂಸ್ಥೆ ಇಯಾನ್ ಪ್ರೊಡಕ್ಷನ್ಸ್ (ಹೆಸರಷ್ಟೇ ಒಂದು, ಲೇಖಕನದಲ್ಲ) 1962ರಲ್ಲಿ ಸರಣಿ ಶುರು ಮಾಡಿದಾಗ ಮೊದಲ ಕಥೆ ಅವರ ಕೈಯಲ್ಲಿರಲಿಲ್ಲ, ‘ಡಾ. ನೋ’ ಇಂದ ಹೊರಡಬೇಕಾಯಿತು. 1967ರಲ್ಲಿ ಬೇರೆಯವರು ಅದನ್ನೇ ತಮಾಷೆಯ ಸಿನಿಮಾ ಮಾಡಿದರು. ಹಕ್ಕು 1999ರ ಒಪ್ಪಂದದಲ್ಲಿ ಮುಖ್ಯ ಸರಣಿಯ ಪಾಲುದಾರ ಸಂಸ್ಥೆ ಎಂಜಿಎಂಗೆ ಬಂತು, 2006ರಲ್ಲಿ ಡೇನಿಯಲ್ ಕ್ರೇಗ್‌ನ ‘ಕ್ಯಾಸಿನೊ ರಾಯಲ್’ ಆಯಿತು, ಬಾಂಡ್ ಮತ್ತೆ ಮೊದಲ ದಿನದ ಕೆಲಸಗಾರನಾದ. ‘ಥಂಡರ್‌ಬಾಲ್’ನದು ಇನ್ನೊಂದು ವ್ಯಾಜ್ಯ. ಕಥೆಯಲ್ಲಿ ಪಾಲಿದ್ದ ಕೆವಿನ್ ಮೆಕ್ಲೋರಿ ಕೋರ್ಟಿಗೆ ಹೋಗಿ ಸಿನಿಮಾ ಹಕ್ಕು ಗೆದ್ದುಕೊಂಡ. ಅದರ ಫಲವೇ 1983ರ ‘ನೆವರ್ ಸೇ ನೆವರ್ ಅಗೇನ್’. ಅದೇ ವರ್ಷ ಇಯಾನ್ ಪ್ರೊಡಕ್ಷನ್ಸ್‌ನವರದ್ದು ‘ಆಕ್ಟೊಪಸಿ’, ಒಂದೇ ವರ್ಷ ಇಬ್ಬರು ಬಾಂಡ್. ಇತ್ತ ಷಾನ್ ಕಾನರಿ, ಅತ್ತ ಉದಯಪುರದ ಅರಮನೆಯಲ್ಲಿ ರೋಜರ್ ಮೂರ್. ಕಾನರಿ ಇದ್ದಾನೆಂದು ‘ನೆವರ್ ಸೇ’ಯನ್ನು ಮುಖ್ಯ ಪಟ್ಟಿಗೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಅದು 1965ರ ‘ಥಂಡರ್‌ಬಾಲ್’ ಕಥೆಯ ರಿಮೇಕ್, ಪ್ರತ್ಯೇಕ ಸಾಲು. ಖಳನ ಸಂಘಟನೆ ಸ್ಪೆಕ್ಟರ್ ಮುಖ್ಯ ಸರಣಿಯಿಂದ ದಶಕಗಟ್ಟಲೆ ಮಾಯವಾಗಿ 2015ರಲ್ಲಿ ದಿಢೀರನೆ ಮರಳಿದ್ದಕ್ಕೂ ಇದೇ ಕಾರಣ. 2013ರಲ್ಲಿ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. 1989 ಮತ್ತು 1995ರ ನಡುವಿನ ಆರು ವರ್ಷದ ಖಾಲಿ ಜಾಗವೂ ಕಾನೂನು ತಗಾದೆಯದ್ದೇ.

ಹಕ್ಕಿನ ತಂಟೆ ಇಲ್ಲದೆಯೂ ಕೊಂಡಿ ಕಡಿಯುತ್ತದೆ. 1967ರ ‘ಯು ಓನ್ಲಿ ಲಿವ್ ಟ್ವೈಸ್’ನಲ್ಲಿ ಸ್ಪೆಕ್ಟರ್‌ನ ಒಡೆಯ ಬ್ಲೋಫೆಲ್ಡ್ ಬಾಂಡ್‌ನನ್ನು ಎದುರಾಎದುರು ನೋಡಿದ್ದಾನೆ. 1969ರ ಮುಂದಿನ ಸಿನಿಮಾದಲ್ಲಿ ಬಾಂಡ್ ಬೇರೆ ಹೆಸರಿಟ್ಟುಕೊಂಡು ಬಂದರೆ ಗುರುತೇ ಹಿಡಿಯುವುದಿಲ್ಲ. ಕಾದಂಬರಿಗಳ ಕ್ರಮ ತಿರುಗುಮುರುಗಾಗಿತ್ತು: ಸಿನಿಮಾದಲ್ಲಿ ಎರಡನೆಯದಾದದ್ದು ಪುಸ್ತಕದಲ್ಲಿ 1963ರದ್ದು, ಮೊದಲನೆಯದಾದದ್ದು 1964ರದ್ದು. 1977ರ ‘ದಿ ಸ್ಪೈ ಹೂ ಲವ್ಡ್ ಮಿ’ ಕೊನೆಯಲ್ಲಿ ‘ಮುಂದೆ ಫಾರ್ ಯುವರ್ ಐಸ್ ಓನ್ಲಿ’ ಎಂದು ಅಕ್ಷರದಲ್ಲೇ ತೋರಿಸಿದ್ದರು. ಅಷ್ಟರಲ್ಲಿ ಸ್ಟಾರ್ ವಾರ್ಸ್ ಗಲ್ಲಾಪೆಟ್ಟಿಗೆ ದೋಚಿತು, ಬಾಂಡ್ 1979ರಲ್ಲಿ ‘ಮೂನ್‌ರೇಕರ್’ ಹತ್ತಿ ಬಾಹ್ಯಾಕಾಶಕ್ಕೆ ಹಾರಿದ. ಹೇಳಿದ್ದ ಸಿನಿಮಾ 1981ರಲ್ಲಿ ಬಂತು.

ಬಾಂಡ್‌ಗೆ ನೋಡುವ ಕ್ರಮ ಇಷ್ಟು: 2002ರವರೆಗಿನ 20 ಬಿಡಿ ಕಥೆಗಳು, ಯಾವುದನ್ನಾದರೂ ಆರಿಸಿ. 1969ರದ್ದನ್ನು ಮಾತ್ರ 1981ರದ್ದಕ್ಕೆ ಮುಂಚೆ ನೋಡಿ, ಸಮಾಧಿಯ ದೃಶ್ಯ ಯಾರದೆಂದು ತಿಳಿಯುತ್ತದೆ. ಕ್ರೇಗ್‌ನ ಐದು, 2006, 2008, 2012, 2015, 2021, ಒಂದರ ಹಿಂದೊಂದು ಬಿಡದೆ ನೋಡಬೇಕಾದವು. ಅದರಲ್ಲೂ 2008ರದ್ದು 2006ರದ್ದರ ಕೊನೆಯ ದೃಶ್ಯದ ಬೆನ್ನಿಗೇ ಶುರುವಾಗುತ್ತದೆ. ನಡುವೆ ಒಂದು ದಿನಕ್ಕಿಂತ ಹೆಚ್ಚು ಬಿಡಬೇಡಿ.

ಅರ್ಧ ಒರೆಸಿದ ಸರಣಿಯ ಗಂಟು ಬಿಡಿಸುವ ಅಭ್ಯಾಸ ಬೇಕಿದ್ದರೆ ಮುಖವಾಡದ ಕೊಲೆಗಾರನ ಸರಣಿ ‘ಹ್ಯಾಲೋವೀನ್’ ತೆಗೆದುಕೊಳ್ಳಿ. ಒಟ್ಟು 13 ಸಿನಿಮಾ. ಒಂದೇ ಸಾಲಿನಲ್ಲಿ ನೋಡಿದರೆ ಹುಚ್ಚು ಹಿಡಿಯುತ್ತದೆ, ಎಳೆ ಬಿಡಿಸಿದರೆ ಹೀಗೆ:

1978, 1981, 1988, 1989, 1995: ಹಳೆಯ ಎಳೆ.
1978, 1981, 1998, 2002: ಹಳೆಯ ಎಳೆಯ ಕೊನೆಯ ಮೂರನ್ನು ಇಲ್ಲವೆಂದದ್ದು.
1978, 2018, 2021, 2022: ಮೊದಲನೆಯದೊಂದನ್ನು ಬಿಟ್ಟು ಎಲ್ಲವನ್ನೂ ಇಲ್ಲವೆಂದದ್ದು.
2007, 2009: ಪೂರ್ತಿ ಹೊಸದು.
1982: ಕೊಲೆಗಾರನೇ ಇಲ್ಲದ ಬೇರೆ ಕಥೆ, ಒಂಟಿ.

ನಾಯಕಿ ಲಾರಿ ಒಂದು ಎಳೆಯಲ್ಲಿ ಸತ್ತಿದ್ದಾಳೆ, ಎರಡನೆಯದರಲ್ಲಿ ಹೆಸರು ಬದಲಿಸಿಕೊಂಡು ಬದುಕಿದ್ದಾಳೆ. 1981ರಲ್ಲಿ ಅವಳು ಕೊಲೆಗಾರನ ತಂಗಿ, 2018ರಲ್ಲಿ ಅವನಿಗೂ ಅವಳಿಗೂ ಸಂಬಂಧವೇ ಇಲ್ಲ. ಒಂದು ಎಳೆ ಆರಿಸಿ ಮುಗಿಸಿ, ಕನಿಷ್ಠ ಒಂದು ತಿಂಗಳು ಬಿಟ್ಟು ಇನ್ನೊಂದಕ್ಕೆ ಕೈಹಾಕಿ. ಮೂರನೆಯ ಎಳೆ ನಾಲ್ಕೇ ಸಿನಿಮಾ ಇರುವುದರಿಂದ ಹೊಸಬರಿಗೆ ಅದೇ ಸಾಕು.

ಗಾಡ್ಜಿಲ್ಲಾ: ಬೇರು ಒಂದೇ, ಕೊಂಬೆ ಹಲವು

1954ರ ನವೆಂಬರ್ 3ರಂದು ತೋಹೊ ಸಂಸ್ಥೆ ಬಿಡುಗಡೆ ಮಾಡಿದ, ಇಶಿರೊ ಹೊಂಡಾ ನಿರ್ದೇಶನದ ‘ಗೊಜಿರಾ’ ಇದರ ಬೇರು. ಆ ಸಿನಿಮಾದ ಕೊನೆಗೆ ಪ್ರಾಣಿ ಸತ್ತೇಹೋಗುತ್ತದೆ. ದುಡ್ಡು ಬಂದದ್ದರಿಂದ ಆರೇ ತಿಂಗಳಲ್ಲಿ ಎರಡನೆಯದು ಬಂತು, ಅಲ್ಲಿರುವುದು ಅದೇ ಜಾತಿಯ ಬೇರೊಂದು ಪ್ರಾಣಿ. ಅದನ್ನು ಹಿಮದಲ್ಲಿ ಹೂತರು. 1962ರಲ್ಲಿ ಕಿಂಗ್ ಕಾಂಗ್ ಜೊತೆ ಕಾದಾಡಲು ಹಿಮದಿಂದ ಎಬ್ಬಿಸಿದರು, ಜನ ಮುಗಿಬಿದ್ದರು. 1975ರವರೆಗೆ ನಡೆದ ಈ ಮೊದಲ ಸುತ್ತಿನಲ್ಲಿ 15 ಸಿನಿಮಾ. ಕೊನೆಯದನ್ನು ನೋಡಿದವರು 10 ಲಕ್ಷಕ್ಕೂ ಕಡಿಮೆ, ಒಂಬತ್ತು ವರ್ಷ ಬಾಗಿಲು ಮುಚ್ಚಿತು.

1984ರಲ್ಲಿ ಮರಳಿದ ಸರಣಿ 1954ರದ್ದನ್ನು ಮಾತ್ರ ಒಪ್ಪಿಕೊಂಡು ನಡುವಿನ 14ನ್ನು ಅಳಿಸಿಹಾಕಿತು. 1984, 1989, 1991ರಿಂದ 1995ರವರೆಗೆ ವರ್ಷಕ್ಕೊಂದು, ಒಟ್ಟು ಏಳು. ಇವನ್ನು ಬಿಡುಗಡೆಯ ಕ್ರಮದಲ್ಲೇ ನೋಡಬೇಕು, ಒಂದರಲ್ಲಿ ನಡೆದದ್ದು ಮುಂದಿನದಕ್ಕೆ ಬೇಕಾಗುತ್ತದೆ. 1995ರ ಕೊನೆಯದು ನೇರವಾಗಿ 1954ರಲ್ಲಿ ಪ್ರಾಣಿಯನ್ನು ಕೊಂದ ಆಯುಧಕ್ಕೇ ಹೋಗಿ ಸೇರುವುದರಿಂದ ಬೇರನ್ನು ನೋಡದವರಿಗೆ ಅರ್ಧ ಸ್ವಾರಸ್ಯ ತಪ್ಪುತ್ತದೆ.

1998ರಲ್ಲಿ ಹಾಲಿವುಡ್ ತನ್ನದೊಂದು ಮಾಡಿತು. ತೋಹೊಗೆ ಅದು ರುಚಿಸಲಿಲ್ಲ, 1999ರಿಂದ 2004ರವರೆಗೆ ಮತ್ತೆ ತಾನೇ ಆರು ತೆಗೆಯಿತು. ಹೊಸಬರು ಎಡವುವುದು ಈ ಆರರಲ್ಲಿ. ಇವಕ್ಕೆ ಒಂದೇ ಗುಂಪಿನ ಹೆಸರಿದೆ, ಕಥೆಯ ಮಟ್ಟಿಗೆ ಗುಂಪೇ ಅಲ್ಲ. 2002 ಮತ್ತು 2003ರವು ಮಾತ್ರ ಜೋಡಿ. ಉಳಿದ ನಾಲ್ಕೂ ಪ್ರತ್ಯೇಕ; 2000ದ್ದರಲ್ಲಂತೂ 1954ರಲ್ಲಿ ಪ್ರಾಣಿ ಸತ್ತದ್ದನ್ನೇ ಬದಲಿಸಿದ್ದಾರೆ. ಆರನ್ನೂ ಸಾಲಾಗಿ ನೋಡಿ ‘ಮೊನ್ನೆಯ ಯಂತ್ರ-ಗಾಡ್ಜಿಲ್ಲಾ ಎಲ್ಲಿ ಹೋಯಿತು’ ಎಂದು ತಲೆ ಕೆಡಿಸಿಕೊಳ್ಳಬೇಡಿ.

2016ರ ‘ಶಿನ್ ಗಾಡ್ಜಿಲ್ಲಾ’ 1954ರದ್ದನ್ನೂ ಒಪ್ಪುವುದಿಲ್ಲ, ಪ್ರಾಣಿ ಮೊದಲ ಸಲ ಕಾಣಿಸಿಕೊಂಡಂತೆ ಶುರು. 2017-18ರ ಮೂರು ಅನಿಮೇಷನ್ ಸಿನಿಮಾಗಳು ಒಂದು ಗುಂಪು. 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಎರಡನೇ ಮಹಾಯುದ್ಧದ ಕೊನೆಗೆ ಹೋಗಿ ಒಂಟಿಯಾಗಿ ನಿಂತಿದೆ. ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಪಡೆಯಿತು. ಹಾಲಿವುಡ್ಡಿನ ಹೊಸ ಗುಂಪು ಇವೆಲ್ಲದರಿಂದ ಹೊರಗಿನದು: 2014, 2017ರ ಕಾಂಗ್ ಸಿನಿಮಾ, 2019, 2021, 2024, ಇದೇ ಕ್ರಮದಲ್ಲಿ.

ಐದೇ ನೋಡುವಷ್ಟು ಪುರುಸೊತ್ತಿದ್ದರೆ 1954, 1964ರ ಮೋತ್ರಾ ಎಂಬ ದೈತ್ಯ ಪತಂಗದ ಕಾಳಗ, 1989, 2016, 2023. ಹೊಡೆದಾಟದ ಮೋಜಿಗಾಗಿಯೇ ಬಂದವರು 1968ರ ‘ಡೆಸ್ಟ್ರಾಯ್ ಆಲ್ ಮಾನ್‌ಸ್ಟರ್ಸ್’ ಸೇರಿಸಿಕೊಳ್ಳಬಹುದು. ಅದು 20ನೇ ಶತಮಾನದ ಕೊನೆಯಲ್ಲಿ ನಡೆಯುವ ಕಥೆ, ಹಾಗಾಗಿ ಅದರ ನಂತರ ಬಂದ ಆರು ಸಿನಿಮಾಗಳೂ ಕಥೆಯ ಲೆಕ್ಕದಲ್ಲಿ ಅದಕ್ಕಿಂತ ಹಿಂದಿನವು.

ಬಿಡುಗಡೆಯ ಕ್ರಮವೇ ಯಾಕೆ

ಕಥೆಯ ಕಾಲಕ್ರಮದಲ್ಲಿ ಜೋಡಿಸಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಬಿಡಿ. ಹಿಂದಿನ ಕಥೆಯನ್ನು ಹೇಳುವ ಸಿನಿಮಾ ನೀವು ಮುಂದಿನದನ್ನು ನೋಡಿದ್ದೀರೆಂದು ಭಾವಿಸಿಯೇ ಬರೆದದ್ದು. ‘ಪ್ಲಾನೆಟ್ ಆಫ್ ದಿ ಏಪ್ಸ್’ನ 1970ರ ಎರಡನೇ ಭಾಗದ ಕೊನೆಗೆ ಭೂಮಿಯೇ ನಾಶವಾಗುತ್ತದೆ, ಇನ್ನು ಮುಂದುವರಿಸಲು ಏನೂ ಇರಲಿಲ್ಲ. ನಿರ್ಮಾಪಕರಿಗೆ ಇನ್ನೊಂದು ಬೇಕು. 1971ರದ್ದರಲ್ಲಿ ಮೂರು ವಾನರರನ್ನು ಗಗನನೌಕೆ ಹತ್ತಿಸಿ 1973ನೇ ಇಸವಿಗೆ ಕಳಿಸಿಬಿಟ್ಟರು. ಕಾಲಕ್ರಮದಲ್ಲಿ ನೋಡಿದರೆ ಈ 1971ರದ್ದೇ ಮೊದಲು ಬರಬೇಕು, ಬಂದರೆ 1968ರ ಮೊದಲ ಸಿನಿಮಾದ ಕೊನೆಯ ಹೊಡೆತ ಅಲ್ಲೇ ಸತ್ತಿತು. ಸ್ಟಾರ್ ವಾರ್ಸ್‌ನಲ್ಲೂ 1999, 2002, 2005ರ ಮೂರನ್ನು ಮೊದಲು ನೋಡಿದವರಿಗೆ 1980ರ ಭಾಗದ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಮಕ್ಕಳಿಗೆ ತೋರಿಸುವಾಗ ಇದನ್ನು ಮರೆಯಬೇಡಿ, ಎರಡನೇ ಸಲ ಆ ಅಚ್ಚರಿ ಸಿಗುವುದಿಲ್ಲ.

ಬಿಡುಗಡೆಯ ಕ್ರಮದಲ್ಲಿ ನೋಡಿದರೆ ಬಂಡವಾಳ ಇಳಿಯುವುದೂ ಕಣ್ಣಿಗೆ ಕಾಣುತ್ತದೆ. ಏಪ್ಸ್ ಸರಣಿಯ ಮೊದಲನೆಯದಕ್ಕೆ ಸುಮಾರು 58 ಲಕ್ಷ ಡಾಲರ್ ಹಾಕಿದ್ದ ಸಂಸ್ಥೆ ಐದನೆಯದಕ್ಕೆ ಅದರ ಮೂರನೇ ಒಂದು ಪಾಲೂ ಕೊಡಲಿಲ್ಲ. ಯುದ್ಧ ಎಂದು ಹೆಸರಿಟ್ಟ ಸಿನಿಮಾದಲ್ಲಿ ಯುದ್ಧಕ್ಕೆ ಜನವೇ ಸಾಲದು.

ಅಪವಾದ ಒಂದೆರಡು ಇವೆ. ‘ಫಾಸ್ಟ್ ಅಂಡ್ ಫ್ಯೂರಿಯಸ್’ನ ಮೂರನೆಯದು, 2006ರ ‘ಟೋಕಿಯೊ ಡ್ರಿಫ್ಟ್’, ಕಥೆಯಲ್ಲಿ 2013ರ ಆರನೆಯದರ ನಂತರದ್ದು. ಅದರಲ್ಲಿ ಸಾಯುವ ಹಾನ್ ಎಂಬ ಪಾತ್ರ ಜನಕ್ಕೆ ಇಷ್ಟವಾಗಿ ಮುಂದಿನ ಭಾಗಗಳಿಗೆ ಬೇಕಾದ, ಅದಕ್ಕೇ ಆ ಭಾಗಗಳನ್ನೆಲ್ಲ ಹಿಂದಕ್ಕೆ ತಳ್ಳಿದರು. ಇಲ್ಲಿ 1, 2, 4, 5, 6, 3, 7 ಎಂದು ನೋಡಿದರೂ ನಡೆಯುತ್ತದೆ. 2013ರ ಫೋನು ಹಿಡಿದಿದ್ದವರು ಮುಂದಿನ ಸಿನಿಮಾದಲ್ಲಿ 2006ರ ಫೋನು ಹಿಡಿದಿರುತ್ತಾರೆ, ನಗಬಾರದು ಅಷ್ಟೆ.

ರಿಮೇಕ್‌ಗೂ ಸೀಕ್ವೆಲ್ ಬಂದಾಗ

ಭಾರತದ ಸಿನಿಮಾಗಳಿಗೆ ಸಾಲುಪಟ್ಟಿ ಸಾಲದು, ವಂಶವೃಕ್ಷ ಬರೆಯಬೇಕು. ಫಾಜಿಲ್ ನಿರ್ದೇಶನದ ಮಲಯಾಳಂ ‘ಮಣಿಚಿತ್ರತಾಳ್’ 1993ರದ್ದು. ಅದನ್ನು ಪಿ. ವಾಸು 2004ರಲ್ಲಿ ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ ತಂದರು, 2005ರಲ್ಲಿ ತಮಿಳಿಗೆ ‘ಚಂದ್ರಮುಖಿ’ಯಾಗಿ. ಪ್ರಿಯದರ್ಶನ್ 2007ರಲ್ಲಿ ಹಿಂದಿಗೆ ‘ಭೂಲ್ ಭುಲಯ್ಯಾ’ ಮಾಡಿದರು. ಆಮೇಲೆ ಪ್ರತಿ ಕೊಂಬೆಗೂ ಅದರದೇ ಚಿಗುರು. ಕನ್ನಡದಲ್ಲಿ 2010ರ ‘ಆಪ್ತರಕ್ಷಕ’, ಅದೇ ಡಾ. ವಿಜಯ್ ಪಾತ್ರದಲ್ಲಿ ವಿಷ್ಣುವರ್ಧನ್. ಅವರು ತೀರಿಕೊಂಡ ಮೇಲೆ ಬಿಡುಗಡೆಯಾಯಿತು. ಅದು ತೆಲುಗಿಗೆ ‘ನಾಗವಲ್ಲಿ’ಯಾಗಿ ಹೋಯಿತು, ಆದರೆ ಅಲ್ಲಿನವರ ಪಾಲಿಗೆ ಹಿಂದಿನ ಕಥೆ ‘ಚಂದ್ರಮುಖಿ’. ಮಲಯಾಳಂನಲ್ಲಿ 2013ರ ‘ಗೀತಾಂಜಲಿ’ಯಲ್ಲಿ ಮೋಹನ್‌ಲಾಲ್‌ರ ಡಾ. ಸನ್ನಿ ಪಾತ್ರವೊಂದೇ ಮರಳಿತು. ಹಿಂದಿಯ 2022 ಮತ್ತು 2024ರ ಭಾಗಗಳಿಗೆ ಮೊದಲನೆಯದರಿಂದ ಬಂದದ್ದು ಹೆಸರು, ಹಾಡು, ಛೋಟಾ ಪಂಡಿತನಂಥ ಒಂದೆರಡು ಪಾತ್ರ. ತಮಿಳಿಗೆ 2023ರಲ್ಲಿ ‘ಚಂದ್ರಮುಖಿ 2’.

ಇಂಥ ಮರದಲ್ಲಿ ನಿಯಮ ಒಂದೇ: ಬೇರಿನಿಂದ ಹತ್ತಿ, ಒಂದು ಕೊಂಬೆ ಹಿಡಿದರೆ ಅದರ ತುದಿವರೆಗೆ ಹೋಗಿ. ‘ಚಂದ್ರಮುಖಿ’ ನೋಡಿ ‘ಆಪ್ತರಕ್ಷಕ’ಕ್ಕೆ ಜಿಗಿದರೆ ವೈದ್ಯರ ಹೆಸರೂ ಹೊಂದುವುದಿಲ್ಲ, ನರ್ತಕಿಯ ಹೆಸರೂ ಹೊಂದುವುದಿಲ್ಲ.

ಯಾವ ಪ್ರತಿ

ನೋಡಲು ಕೂರುವ ಮುಂಚೆ ಒಟಿಟಿಯಲ್ಲಿ ಬರೆದಿರುವ ಅವಧಿಯನ್ನು ನಿಮ್ಮ ನಾಲ್ಕನೆಯ ಕಾಲಂಗೆ ತಾಳೆ ನೋಡಿ. ಮೂಲ ‘ಗೊಜಿರಾ’ 96 ನಿಮಿಷ. ನಿಮ್ಮದು 80ರ ಆಸುಪಾಸಿನಲ್ಲಿದ್ದರೆ ಅದು 1956ರ ಅಮೆರಿಕನ್ ಆವೃತ್ತಿ: ರೇಮಂಡ್ ಬರ್ ಎಂಬ ನಟನನ್ನು ವರದಿಗಾರನಾಗಿ ಹೊಸದಾಗಿ ಚಿತ್ರೀಕರಿಸಿ ತುರುಕಿ, ಅಣುಬಾಂಬಿನ ಕಹಿ ಮಾತುಗಳನ್ನು ಬಹಳಷ್ಟು ಕತ್ತರಿಸಿದ್ದು. ಕುತೂಹಲಕ್ಕೆ ಆಮೇಲೆ ನೋಡಿ, ಮೊದಲ ಸಲಕ್ಕೆ ಬೇಡ. ಆದರೆ 92 ನಿಮಿಷ ತೋರಿಸಿದರೆ ಗಾಬರಿಯಾಗಬೇಡಿ. ಪಾಲ್ ಎಂಬ ಟಿವಿ ಮಾದರಿಗೆ (ಭಾರತ, ಯುರೋಪಿನದು) ಮಾಡಿದ ಹಳೆಯ ಡಿವಿಡಿಗಳು ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು 25ರ ವೇಗದಲ್ಲಿ ಓಡಿಸುತ್ತವೆ, ಶೇಕಡಾ 4ರಷ್ಟು ಬೇಗ ಮುಗಿಯುತ್ತದೆ. ಏನೂ ಕತ್ತರಿಸಿಲ್ಲ, ಧ್ವನಿ ಮಾತ್ರ ತುಸು ಏರಿರುತ್ತದೆ. ಶೇಕಡಾ 4ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕತ್ತರಿ ಬಿದ್ದಿದೆ ಎಂದೇ ಲೆಕ್ಕ.

ಅವಧಿ ಹೆಚ್ಚಿದ್ದರೂ ಅನುಮಾನಿಸಿ. ಮೊದಲ ಮೂರು ಸ್ಟಾರ್ ವಾರ್ಸ್ ಸಿನಿಮಾಗಳಿಗೆ 1997ರಲ್ಲಿ ಹೊಸ ದೃಶ್ಯ ಸೇರಿಸಿದರು, ಆಮೇಲೂ ತಿದ್ದಿದರು. ಈಗ ಒಟಿಟಿಯಲ್ಲಿ ಸಿಗುವುದು ತಿದ್ದಿದ್ದೇ. 1977ರ ಸಿನಿಮಾದಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಪ್ರಾಣಿ ಕಂಡರೆ ಅದು ಆ ಕಾಲದ್ದಲ್ಲ.

ಜಪಾನಿ ಸಿನಿಮಾಗಳನ್ನು ಮೂಲ ಧ್ವನಿಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡುವುದು ಉತ್ತಮ. ಹಳೆಯ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಪ್ರಾಣಿಯ ಹೆಸರು, ಇಸವಿ, ಕೆಲವೊಮ್ಮೆ ಯಾರು ಯಾರ ಮಗ ಎಂಬುದನ್ನೂ ಬದಲಿಸಿರುತ್ತಾರೆ, ಎಂಟನೆಯ ಕಾಲಂ ಕೆಡುವುದು ಅದರಿಂದಲೇ.

ಎಷ್ಟು ಹೊತ್ತು ಬೇಕು

25 ಬಾಂಡ್ ಸಿನಿಮಾಗಳ ಒಟ್ಟು ಅವಧಿ 50 ಗಂಟೆ ದಾಟುತ್ತದೆ, ತೋಹೊದ 33 ಗಾಡ್ಜಿಲ್ಲಾಗಳದ್ದೂ ಹೆಚ್ಚುಕಡಿಮೆ ಅಷ್ಟೇ. ವಾರಕ್ಕೆ ಎರಡರಂತೆ ಬಾಂಡ್‌ಗೆ 13 ವಾರ. ಬಿಡಿ ಕಥೆಗಳಿಗೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಬೇಡ: ಸೂತ್ರ ಒಂದೇ ಆಗಿರುವುದರಿಂದ ಮೂರನೆಯದು ಎಷ್ಟೇ ಚೆನ್ನಾಗಿದ್ದರೂ ಹಳಸಲು ಅನಿಸುತ್ತದೆ. ಆ ಕಾಲದವರು ಅವನ್ನು ಆರು ತಿಂಗಳಿಗೋ ಎರಡು ವರ್ಷಕ್ಕೋ ಒಮ್ಮೆ ನೋಡುತ್ತಿದ್ದರು, ಆ ಬಿಡುವಿಗೆ ತಕ್ಕಂತೆಯೇ ತೆಗೆದದ್ದು. ನಿಜವಾದ ಮುಂದುವರಿಕೆಗಳನ್ನು ಬೇಕಾದರೆ ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಶುರು ಮಾಡುವ ಮುಂಚೆ ಪಟ್ಟಿಯಲ್ಲಿರುವ ಎಲ್ಲವೂ ಎಲ್ಲಿ ಸಿಗುತ್ತವೆ ಎಂದು ಒಮ್ಮೆ ನೋಡಿಟ್ಟುಕೊಳ್ಳಿ. ಹಕ್ಕು ಹಂಚಿಹೋಗಿರುವ ಸರಣಿಗಳು ಒಂದೇ ಒಟಿಟಿಯಲ್ಲಿ ಪೂರ್ತಿ ಇರುವುದು ಅಪರೂಪ, ಇದ್ದದ್ದೂ ತಿಂಗಳ ಕೊನೆಗೆ ಮಾಯವಾಗಬಹುದು. ಬಿಡಿ ಕಥೆಯಾದರೆ ಇಲ್ಲದ್ದನ್ನು ಹಾರಿಸಿ ಮುಂದೆ ಹೋಗಿ. ಮುಂದುವರಿಕೆಯಾದರೆ ಕೊಂಡಿಯ ಭಾಗ ಕೈಗೆ ಸಿಗುವವರೆಗೆ ಆ ಗುಂಪನ್ನು ಮುಟ್ಟಬೇಡಿ, ಪಟ್ಟಿಯಲ್ಲಿ ಇನ್ನೊಂದು ಗುಂಪು ಇದ್ದೇ ಇರುತ್ತದೆ.